ಕೆಟಲ್‌ನ ಮುಚ್ಚಳ ಕುಣಿದದ್ದರಿಂದಲೇ ಉಗಿ ಎಂಜಿನ್ ಹುಟ್ಟಿತೇ? ಜೇಮ್ಸ್ ವಾಟ್ ಬಗ್ಗೆ ಮಕ್ಕಳಿಗೆ ಏನು ಹೇಳಬೇಕು?

ಪ್ರಶ್ನೆ: ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಕಳೆದ ವಾರ ಹೆಸರಾಂತ ಆವಿಷ್ಕಾರಕರ ಬದುಕಿನ ಬಗ್ಗೆ ಮಾತನಾಡುವಾಗ, ನಾನು ಚಿಕ್ಕಂದಿನಲ್ಲಿ ಕೇಳಿದ್ದ ಕಥೆಯನ್ನೇ ಅವರಿಗೂ ಹೇಳಿದೆ. ಸ್ಕಾಟ್ಲೆಂಡಿನ ಬಾಲಕ ಜೇಮ್ಸ್ ವಾಟ್ ಒಲೆಯ ಮೇಲಿಟ್ಟ ಕೆಟಲ್‌ನ ಮುಚ್ಚಳವನ್ನು ಹಬೆ ಎತ್ತಿ ಎತ್ತಿ ಹಾಕುವುದನ್ನು ಕಂಡನೆಂದೂ, ಹಬೆಗೆ ಇಷ್ಟು ಬಲವಿದೆಯಲ್ಲ ಎಂದು ಅಚ್ಚರಿಪಟ್ಟು ಮುಂದೆ ಉಗಿ ಎಂಜಿನ್ ಕಂಡುಹಿಡಿದನೆಂದೂ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ನಮ್ಮಜ್ಜಿ ದಿನಾ ಅನ್ನದ ಪಾತ್ರೆಯ ಮೇಲಿನ ತಟ್ಟೆ ಕುಣಿಯುವುದನ್ನು ನೋಡುತ್ತಾರೆ. ಅವರಿಗೇಕೆ ಎಂಜಿನ್ ಹೊಳೆಯಲಿಲ್ಲ?" ಎಂದು ಕೇಳಿದಳು.

ಅವಳು ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದಳು, ಆದರೆ ನನ್ನ ಬಳಿ ಉತ್ತರವಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ. ಈ ಕೆಟಲ್ ಕಥೆ ಎಷ್ಟರ ಮಟ್ಟಿಗೆ ನಿಜ? ವಾಟ್‌ಗಿಂತ ಮೊದಲೇ ಉಗಿ ಎಂಜಿನ್ ಇತ್ತೆಂದು ಎಲ್ಲೋ ಓದಿದ ನೆನಪಿದೆ. ಇದ್ದರೆ, ವಾಟ್ ಮಾಡಿದ್ದಾದರೂ ಏನು? ಮಕ್ಕಳಿಗೆ ಅರ್ಥವಾಗುವಂತೆ, ಆದರೆ ಸುಳ್ಳಿಲ್ಲದಂತೆ ಹೇಳಲು ತಿಳಿದವರು ನೆರವಾಗಬೇಕೆಂದು ಕೋರುತ್ತೇನೆ.

ಉತ್ತರ: ಹಳೇ ಬಾಯ್ಲರ್

ಮೇಷ್ಟ್ರೇ, ಆ ಹುಡುಗಿಗೆ ನನ್ನ ಶಹಬ್ಬಾಸ್ ತಿಳಿಸಿ. ನಾನು ಸಕ್ಕರೆ ಕಾರ್ಖಾನೆಯೊಂದರ ಬಾಯ್ಲರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಹಬೆಯ ಜೊತೆಗೇ ಬದುಕಿದವನಾದ್ದರಿಂದ ಈ ವಿಷಯ ನನಗೆ ಬಹಳ ಹತ್ತಿರದ್ದು.

ಮೊದಲು ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಉಗಿ ಎಂಜಿನ್ ವಾಟ್ ಹುಟ್ಟುವ ಮೊದಲೇ ಇತ್ತು. ಇಂಗ್ಲೆಂಡಿನ ಡಾರ್ಟ್‌ಮತ್ ಊರಿನ ಕಬ್ಬಿಣದ ಸಾಮಾನಿನ ವ್ಯಾಪಾರಿ ಥಾಮಸ್ ನ್ಯೂಕಮೆನ್ 1712ರಲ್ಲಿ ಡಡ್ಲಿಯ ಹತ್ತಿರದ ಕಲ್ಲಿದ್ದಲು ಗಣಿಯೊಂದರಲ್ಲಿ ನೀರೆತ್ತುವ ಎಂಜಿನ್ ನಿಲ್ಲಿಸಿದ. ವಾಟ್ ಹುಟ್ಟಿದ್ದು 1736ರಲ್ಲಿ, ಗ್ರೀನಕ್ ಎಂಬ ಬಂದರು ಊರಿನಲ್ಲಿ. ಅಂದರೆ ವಾಟ್ ತೊಟ್ಟಿಲಲ್ಲಿದ್ದಾಗಲೇ ಗಣಿಗಳಲ್ಲಿ ನ್ಯೂಕಮೆನ್ನನ ಎಂಜಿನ್‌ಗಳು ನೀರೆತ್ತುತ್ತಿದ್ದವು.

ಇನ್ನು ಮಕ್ಕಳಿಗೆ ಖಂಡಿತ ಹೇಳಬೇಕಾದ ಸಂಗತಿಯೊಂದಿದೆ. ನ್ಯೂಕಮೆನ್ನನ ಎಂಜಿನ್ನಿನಲ್ಲಿ ಕೆಲಸ ಮಾಡುತ್ತಿದ್ದುದು ಹಬೆಯ ತಳ್ಳುವ ಬಲವಲ್ಲ. ಸಿಲಿಂಡರ್ ತುಂಬ ಹಬೆ ಬಿಟ್ಟು, ಅದರೊಳಕ್ಕೇ ತಣ್ಣೀರು ಚಿಮ್ಮಿಸಿದರೆ ಹಬೆ ಹನಿಗಟ್ಟಿ, ಪಿಸ್ಟನ್‌ನ, ಅಂದರೆ ಸಿಲಿಂಡರಿನೊಳಗೆ ಮೇಲೆ ಕೆಳಗೆ ಆಡುವ ಬಿಲ್ಲೆಯ, ಕೆಳಗೆ ಬಹುಮಟ್ಟಿಗೆ ನಿರ್ವಾತ ಉಂಟಾಗುತ್ತಿತ್ತು. ಆಗ ಮೇಲಿನಿಂದ ಹೊರಗಿನ ಗಾಳಿಯ ಒತ್ತಡ ಪಿಸ್ಟನ್ನನ್ನು ಕೆಳಗೆ ಒತ್ತುತ್ತಿತ್ತು, ಅದಕ್ಕೆ ಕಟ್ಟಿದ ತೊಲೆಯ ಇನ್ನೊಂದು ತುದಿ ಮೇಲೆದ್ದು ಗಣಿಯ ಪಂಪನ್ನು ಎಳೆಯುತ್ತಿತ್ತು. ನಮ್ಮ ಕಡೆಯ ಏತವನ್ನು ನೋಡಿದ ಮಕ್ಕಳಿಗೆ ಆ ತೊಲೆ ಹೇಗೆ ಆಡುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಚ್ಚಳ ಕುಣಿಯುವುದು ಹಬೆ ಹಿಗ್ಗುವುದರಿಂದ. ಆ ಎಂಜಿನ್ ನಡೆದದ್ದು ಹಬೆ ಕುಗ್ಗುವುದರಿಂದ. ಕೆಟಲ್ ಕಥೆಯಲ್ಲಿ ಚರಿತ್ರೆ ತಪ್ಪುವುದಕ್ಕಿಂತ ಹೆಚ್ಚಾಗಿ ವಿಜ್ಞಾನವೇ ತಪ್ಪಿಹೋಗುತ್ತದೆ ಎಂಬುದು ನನ್ನ ಕೊರಗು.

ಹಾಗಾದರೆ ವಾಟ್ ಮಾಡಿದ್ದೇನು? ಆತ ಗ್ಲಾಸ್ಗೋ ವಿಶ್ವವಿದ್ಯಾಲಯದ ಆವರಣದಲ್ಲಿ ವೈಜ್ಞಾನಿಕ ಉಪಕರಣಗಳನ್ನು ಮಾಡಿ, ರಿಪೇರಿ ಮಾಡಿ ಬದುಕುತ್ತಿದ್ದ ಕುಶಲಕರ್ಮಿ. 1763–64ರ ಚಳಿಗಾಲದಲ್ಲಿ ಪಾಠಕ್ಕೆ ಬಳಸುತ್ತಿದ್ದ ನ್ಯೂಕಮೆನ್ ಎಂಜಿನ್ನಿನ ಪುಟ್ಟ ಮಾದರಿಯೊಂದು ರಿಪೇರಿಗಾಗಿ ಅವನ ಕೈಗೆ ಬಂತು. ಅದರ ಸಿಲಿಂಡರ್ 2 ಅಂಗುಲ ಅಗಲದ್ದು, ಪಿಸ್ಟನ್ ಓಡಾಡುತ್ತಿದ್ದುದು 6 ಅಂಗುಲ. ರಿಪೇರಿಯಾದ ಮೇಲೂ ಅದು ನಾಲ್ಕಾರು ಬಾರಿ ಆಡಿ ನಿಂತುಬಿಡುತ್ತಿತ್ತು, ಏಕೆಂದರೆ ಬಾಯ್ಲರ್ ಕೊಡುವ ಹಬೆ ಸಾಲುತ್ತಿರಲಿಲ್ಲ. ಬೇರೆಯವರಾಗಿದ್ದರೆ ಬಾಯ್ಲರ್ ಚಿಕ್ಕದಾಯಿತು ಎಂದು ಹೇಳಿ ಕೂಲಿ ಪಡೆದು ಸುಮ್ಮನಾಗುತ್ತಿದ್ದರು. ವಾಟ್ ಮಾತ್ರ ಇಷ್ಟು ಹಬೆ ಎಲ್ಲಿ ಹೋಗುತ್ತಿದೆ ಎಂದು ಕೇಳಿಕೊಂಡ. ಪ್ರತಿ ಹೊಡೆತಕ್ಕೂ ಸಿಲಿಂಡರನ್ನು ತಣ್ಣೀರಿನಿಂದ ತಣಿಸಿ, ಮರುಕ್ಷಣವೇ ಅದನ್ನು ಮತ್ತೆ ಕಾಯಿಸುವುದರಲ್ಲಿ ಹಬೆಯ ದೊಡ್ಡ ಪಾಲು ವ್ಯರ್ಥವಾಗುತ್ತಿದೆಯೆಂದು ಅವನು ಅಳೆದು ಕಂಡುಕೊಂಡ.

ಇದಕ್ಕೆ ಪರಿಹಾರ ಹೊಳೆದದ್ದು 1765ರಲ್ಲಿ, ಒಂದು ಭಾನುವಾರ ಗ್ಲಾಸ್ಗೋ ಗ್ರೀನ್ ಎಂಬ ಬಯಲಿನಲ್ಲಿ ತಿರುಗಾಡುತ್ತಿದ್ದಾಗ ಎಂದು ವಾಟ್ ತಾನೇ ಮುಪ್ಪಿನಲ್ಲಿ ಹೇಳಿಕೊಂಡಿದ್ದಾನೆ. ಹಬೆಯನ್ನು ಸಿಲಿಂಡರಿನೊಳಗೆ ತಣಿಸುವುದರ ಬದಲು, ಗಾಳಿ ತೆಗೆದ ಇನ್ನೊಂದು ಪಾತ್ರೆಯನ್ನು ಕೊಳವೆಯ ಮೂಲಕ ಜೋಡಿಸಿದರೆ ಹಬೆ ತಾನಾಗಿ ಅಲ್ಲಿಗೆ ನುಗ್ಗಿ ಹನಿಗಟ್ಟುತ್ತದೆ, ಸಿಲಿಂಡರ್ ಸದಾ ಬಿಸಿಯಾಗಿಯೇ ಉಳಿಯುತ್ತದೆ. ಪ್ರತ್ಯೇಕ ಕಂಡೆನ್ಸರ್ ಎಂದರೆ ಇದೇ. ಮೊದಲ ಪ್ರಯೋಗಕ್ಕೆ ಅವನು ಸಿಲಿಂಡರ್ ಆಗಿ ಬಳಸಿದ್ದು ವೈದ್ಯರ ಹಿತ್ತಾಳೆಯ ಪಿಚಕಾರಿಯನ್ನು. ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ವ್ಯಾಕ್ಯೂಮ್ ಪ್ಯಾನ್‌ಗಳಲ್ಲಿ ಇಂದಿಗೂ ಆವಿಯನ್ನು ಪಕ್ಕದ ಕಂಡೆನ್ಸರಿಗೆ ಎಳೆದು ತಣಿಸಿಯೇ ನಿರ್ವಾತ ಪಡೆಯುತ್ತಾರೆ. ನಾನು ಆ ಕೊಳವೆಯ ಮೇಲೆ ಕೈಯಿಟ್ಟು ಎಷ್ಟೋ ರಾತ್ರಿ ಪಾಳಿ ಕಳೆದಿದ್ದೇನೆ.

ಉತ್ತರ: ಗುಪ್ತೋಷ್ಣ

ಹಿರಿಯರು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಭೌತಶಾಸ್ತ್ರದ ಉಪನ್ಯಾಸಕಿಯಾಗಿ ನಾನು ಒಂದು ಮಾತು ಸೇರಿಸುತ್ತೇನೆ: ಕೆಟಲ್ಲನ್ನು ಕಥೆಯಿಂದ ಪೂರ್ತಿ ಕಿತ್ತುಹಾಕಬೇಡಿ.

ಬಾಲಕ ವಾಟ್ ಒಲೆಯ ಮುಂದೆ ಕೆಟಲ್ ಜೊತೆ ಆಡುತ್ತ ಕುಳಿತು ಅತ್ತೆಯಿಂದ ಬೈಸಿಕೊಂಡನೆಂಬುದು ಬಂಧುವೊಬ್ಬರು ಎಷ್ಟೋ ದಶಕಗಳ ನಂತರ ನೆನೆದು ಹೇಳಿದ ಮಾತು. ಅದು ನಡೆದಿದ್ದರೂ ನಡೆದಿರಬಹುದು, ಆದರೆ ಅದಕ್ಕೂ ಎಂಜಿನ್ನಿಗೂ ನೇರ ಸಂಬಂಧ ಕಟ್ಟಲಾಗದು. ನಿಜವಾದ ಕೆಟಲ್ ಬರುವುದು ಅವನಿಗೆ ಮೂವತ್ತರ ಹತ್ತಿರದ ವಯಸ್ಸಾದಾಗ. ಚಹಾ ಕೆಟಲ್‌ನ ಮೂತಿಗೆ ಬಾಗಿದ ಗಾಜಿನ ಕೊಳವೆಯೊಂದನ್ನು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ತಣ್ಣೀರಿನಲ್ಲಿ ಅದ್ದಿ, ಕೆಟಲ್ಲಿನ ನೀರನ್ನು ಕುದಿಸಿದ. ಹಬೆ ಬಂದು ತಣ್ಣೀರಿನಲ್ಲಿ ಕರಗುತ್ತ ಹೋಯಿತು. ಆ ನೀರು ಕುದಿಯುವಷ್ಟು ಬಿಸಿಯಾದಾಗ ನೋಡಿದರೆ, ಪಾತ್ರೆಯಲ್ಲಿ ಹೆಚ್ಚಾದ ನೀರು ಬಹಳ ಕಡಿಮೆ. ಹಬೆಯಾಗಿ ಬಂದ ನೀರು ತನ್ನ ತೂಕದ ಸುಮಾರು ಆರು ಪಟ್ಟು ಬಾವಿನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು ಎಂಬುದು ಅವನ ಲೆಕ್ಕ.

ಈ ಲೆಕ್ಕವನ್ನು ನಿಮ್ಮ ಮಕ್ಕಳೇ ಪರೀಕ್ಷಿಸಬಹುದು. ಒಂದು ಗ್ರಾಂ ಹಬೆ ನೀರಾಗುವಾಗ ಬಿಡುವ ಉಷ್ಣ ಸುಮಾರು 540 ಕ್ಯಾಲೊರಿ. 10 ಡಿಗ್ರಿಯ ಒಂದು ಗ್ರಾಂ ನೀರನ್ನು 100 ಡಿಗ್ರಿಗೆ ಏರಿಸಲು ಬೇಕಾದದ್ದು 90 ಕ್ಯಾಲೊರಿ. 540ನ್ನು 90ರಿಂದ ಭಾಗಿಸಿದರೆ ಆರು! ಅಂದಿನ ಉಪಕರಣಗಳಲ್ಲಿ, ಚಹಾ ಕಾಸುವ ಪಾತ್ರೆಯೊಂದರ ನೆರವಿನಿಂದ ಆ ಮನುಷ್ಯ ಇಷ್ಟು ಹತ್ತಿರ ಬಂದಿದ್ದನೆಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹಬೆಯಲ್ಲಿ ಇಷ್ಟು ಉಷ್ಣ ಹೇಗೆ ಅಡಗಿದೆ ಎಂದು ತಿಳಿಯದೆ ಅವನು ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೋಸೆಫ್ ಬ್ಲ್ಯಾಕ್ ಅವರನ್ನು ಕೇಳಿದ. ಬ್ಲ್ಯಾಕ್ ಆಗಲೇ ತಾವು ಕಂಡುಕೊಂಡಿದ್ದ ಗುಪ್ತೋಷ್ಣದ ತತ್ತ್ವವನ್ನು, ಅಂದರೆ ನೀರು ಹಬೆಯಾಗುವಾಗ ತಾಪ ಏರದೆಯೇ ಒಳಗೆ ಅಡಗಿಸಿಕೊಳ್ಳುವ ಉಷ್ಣದ ವಿಚಾರವನ್ನು, ಅವನಿಗೆ ವಿವರಿಸಿದರು.

ಆದ್ದರಿಂದ ಆ ಹುಡುಗಿಗೆ ನಾನಾದರೆ ಹೀಗೆ ಹೇಳುತ್ತೇನೆ: ನಿಮ್ಮಜ್ಜಿ ಕಂಡಷ್ಟನ್ನೇ ವಾಟ್ ಕೂಡ ಕಂಡಿದ್ದ. ಆದರೆ ಅವನ ಮುಂದೆ ಕೆಟ್ಟು ನಿಂತ ಯಂತ್ರವೊಂದಿತ್ತು, ಕೈಯಲ್ಲಿ ತಕ್ಕಡಿ ಮತ್ತು ಉಷ್ಣಮಾಪಕವಿದ್ದವು, ಕೇಳಿದರೆ ಹೇಳುವ ಬ್ಲ್ಯಾಕ್ ಪಕ್ಕದಲ್ಲೇ ಇದ್ದರು. ಅಜ್ಜಿಗೆ ಇವು ಯಾವುವೂ ಸಿಗಲಿಲ್ಲ.

ತರಗತಿಯಲ್ಲಿ ತೋರಿಸಲು ಒಂದು ಪ್ರಯೋಗವಿದೆ. ತಂಪು ಪಾನೀಯದ ಖಾಲಿ ಅಲ್ಯೂಮಿನಿಯಂ ಡಬ್ಬಿಗೆ ಎರಡು ಚಮಚ ನೀರು ಹಾಕಿ, ಬಾಯಿ ತೆರೆದಿಟ್ಟೇ ಒಲೆಯ ಮೇಲೆ ಕುದಿಸಿ. ಹಬೆ ಧಾರಾಳವಾಗಿ ಹೊರಬರತೊಡಗಿದ ಮೇಲೆ ಡಬ್ಬಿಯನ್ನು ಇಕ್ಕಳದಿಂದ ಹಿಡಿದು ತಣ್ಣೀರಿನ ಬೋಗುಣಿಯಲ್ಲಿ ತಟ್ಟನೆ ಬೋರಲು ಹಾಕಿ. ಡಬ್ಬಿ ಸದ್ದು ಮಾಡುತ್ತ ನಜ್ಜುಗುಜ್ಜಾಗುತ್ತದೆ. ನ್ಯೂಕಮೆನ್ನನ ಎಂಜಿನ್ ನಡೆದದ್ದು ಆ ಬಲದಿಂದಲೇ. ಇಕ್ಕಳವನ್ನು ಮಾತ್ರ ನೀವೇ ಹಿಡಿಯಿರಿ, ಮಕ್ಕಳು ಎರಡು ಹೆಜ್ಜೆ ದೂರವಿರಲಿ.

ಉತ್ತರ: ಗಣಿಯೂರಿನವನು

ಇಲ್ಲಿಯವರೆಗಿನ ಉತ್ತರಗಳಲ್ಲಿ 1765ಕ್ಕೇ ಕಥೆ ಮುಗಿದಂತಿದೆ. ಆದರೆ ಉಪಾಯ ಹೊಳೆದದ್ದಕ್ಕೂ ಎಂಜಿನ್ ಮಾರಾಟಕ್ಕೆ ಬಂದದ್ದಕ್ಕೂ ನಡುವೆ ಹನ್ನೊಂದು ವರ್ಷಗಳಿವೆ, ಅವುಗಳ ಬಗ್ಗೆಯೂ ಮಕ್ಕಳಿಗೆ ಹೇಳಬೇಕು. ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ಹಣ ಹಾಕಿದ್ದ ಜಾನ್ ರೋಬಕ್ 1773ರಲ್ಲಿ ದಿವಾಳಿಯೆದ್ದ. ಅದೇ ವರ್ಷ ವಾಟ್‌ನ ಹೆಂಡತಿ ತೀರಿಕೊಂಡಳು. ಹೊಟ್ಟೆಪಾಡಿಗಾಗಿ ಅವನು ಕಾಲುವೆಗಳ ಸರ್ವೆ ಕೆಲಸ ಮಾಡುತ್ತಿದ್ದ. ರೋಬಕ್‌ನ ಪಾಲನ್ನು ಪಡೆದು ವಾಟ್‌ನ ಕೈಹಿಡಿದದ್ದು ಬರ್ಮಿಂಗ್‌ಹ್ಯಾಮಿನ ಕಾರ್ಖಾನೆದಾರ ಮ್ಯಾಥ್ಯೂ ಬೋಲ್ಟನ್.

ಹಣ ಬಂದರೂ ಇನ್ನೊಂದು ತೊಡಕಿತ್ತು. ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಸಂದಿಯಿದ್ದರೆ ಹಬೆ ಸೋರಿಹೋಗುತ್ತದೆ, ಆದರೆ ಅಷ್ಟು ದೊಡ್ಡ ಸಿಲಿಂಡರನ್ನು ಸರಿಯಾದ ದುಂಡಗೆ ಕೊರೆಯಬಲ್ಲವರು ಇರಲಿಲ್ಲ. ಫಿರಂಗಿ ಕೊರೆಯಲು ಹೊಸ ಯಂತ್ರ ಮಾಡಿದ್ದ ಜಾನ್ ವಿಲ್ಕಿನ್ಸನ್ ಅದನ್ನು ಸಾಧಿಸಿದ. ಅವನು ಕೊರೆದ 50 ಅಂಗುಲದ ಸಿಲಿಂಡರಿನಲ್ಲಿ ಹಳೆಯ ಶಿಲ್ಲಿಂಗ್ ನಾಣ್ಯದ ದಪ್ಪದಷ್ಟೂ ವ್ಯತ್ಯಾಸವಿಲ್ಲವೆಂದು ಬೋಲ್ಟನ್ ಬರೆದಿದ್ದಾನೆ. 1776ರಲ್ಲಿ ಮೊದಲ ಎರಡು ಎಂಜಿನ್‌ಗಳು ಕೆಲಸಕ್ಕೆ ನಿಂತವು: ಒಂದು ಕಲ್ಲಿದ್ದಲು ಗಣಿಯಲ್ಲಿ, ಇನ್ನೊಂದು ಇದೇ ವಿಲ್ಕಿನ್ಸನ್‌ನ ಕಬ್ಬಿಣದ ಕುಲುಮೆಯಲ್ಲಿ.

ಅವರಿಗೆ ಒಳ್ಳೆಯ ಗಿರಾಕಿಗಳು ಸಿಕ್ಕಿದ್ದು ಕಾರ್ನ್‌ವಾಲ್‌ನ ತಾಮ್ರ ಮತ್ತು ತವರದ ಗಣಿಗಳಲ್ಲಿ. ಅಲ್ಲಿ ಕಲ್ಲಿದ್ದಲು ಸಿಗುತ್ತಿರಲಿಲ್ಲ, ವೇಲ್ಸ್‌ನಿಂದ ಹಡಗಿನಲ್ಲಿ ತರಬೇಕಿತ್ತು. ಹಳೆಯ ಎಂಜಿನ್ನಿಗೆ ಹೋಲಿಸಿದರೆ ಎಷ್ಟು ಇಂಧನ ಉಳಿಯಿತೋ ಅದರ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಬೋಲ್ಟನ್ ಮತ್ತು ವಾಟ್‌ಗೆ ಕೊಡಬೇಕೆಂಬುದು ಕರಾರು. ಆರಂಭದಲ್ಲಿ ಒಪ್ಪಿದ ಗಣಿ ಮಾಲೀಕರು ವರ್ಷಗಳು ಕಳೆದಂತೆ ಅದನ್ನು ಹೊರೆಯೆಂದು ಕಂಡರು.

ವಾಟ್‌ನ ಮೇಲಿನ ಗೌರವವನ್ನು ಉಳಿಸಿಕೊಂಡೇ ಒಂದು ಮಾತು ಹೇಳಬೇಕು. 1775ರಲ್ಲಿ ಸಂಸತ್ತು ವಿಶೇಷ ಕಾಯ್ದೆ ಮಾಡಿ ಅವನ ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಆ ಅವಧಿಯಲ್ಲಿ ಪ್ರತ್ಯೇಕ ಕಂಡೆನ್ಸರ್ ಬಳಸಿ ಬೇರೆ ಬಗೆಯ ಎಂಜಿನ್ ಮಾಡಹೊರಟ ಎಡ್ವರ್ಡ್ ಬುಲ್, ಹಾರ್ನ್‌ಬ್ಲೋವರ್ ಮುಂತಾದವರನ್ನು ಬೋಲ್ಟನ್ ಮತ್ತು ವಾಟ್ ನ್ಯಾಯಾಲಯಕ್ಕೆಳೆದು ತಡೆದರು. ಹೆಚ್ಚಿನ ಒತ್ತಡದ ಹಬೆ ಅಪಾಯಕಾರಿಯೆಂದು ವಾಟ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವನ ಭಯಕ್ಕೆ ಕಾರಣವಿರಲಿಲ್ಲವೆಂದಲ್ಲ. 1803ರಲ್ಲಿ ಗ್ರೀನಿಚ್‌ನಲ್ಲಿ ಅಂಥ ಒಂದು ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಆದರೆ ಹಳಿಯ ಮೇಲೆ ಓಡುವ ಎಂಜಿನ್ ಸಾಧ್ಯವಾದದ್ದು ಆ ಹಬೆಯಿಂದಲೇ. ಕಾರ್ನ್‌ವಾಲ್‌ನ ರಿಚರ್ಡ್ ಟ್ರೆವಿಥಿಕ್ 1804ರ ಫೆಬ್ರವರಿ 21ರಂದು ವೇಲ್ಸ್‌ನಲ್ಲಿ 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ತನ್ನ ಉಗಿಬಂಡಿಯಲ್ಲಿ ಒಂಬತ್ತು ಮೈಲಿಗಿಂತ ಹೆಚ್ಚು ದೂರ ಎಳೆದೊಯ್ದ. ನಿಮ್ಮ ಪಾಠದಲ್ಲಿ ವಾಟ್‌ಗೆ ಒಂದು ಪುಟವಿದ್ದರೆ, 1833ರಲ್ಲಿ ಬರಿಗೈಯಲ್ಲಿ ಸತ್ತ ಈ ಮನುಷ್ಯನಿಗೆ ಕಾಲು ಪುಟವಾದರೂ ಇರಲಿ.

ನಾನು ಇಷ್ಟು ಆಸ್ಥೆಯಿಂದ ಬರೆಯಲು ಕಾರಣವಿದೆ. ನನ್ನ ಮುತ್ತಜ್ಜ ಕೋಲಾರದ ಚಿನ್ನದ ಗಣಿಯಲ್ಲಿ ಕೂಲಿಯಾಗಿದ್ದರು. 1880ರ ದಶಕದಲ್ಲಿ ಆ ಗಣಿಗಳನ್ನು ನಡೆಸತೊಡಗಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಜೊತೆ ಕಾರ್ನ್‌ವಾಲ್‌ನ ಗಣಿಗಾರರೂ ಇಲ್ಲಿಗೆ ಬಂದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬರುವವರೆಗೆ ಅಲ್ಲಿ ಯಂತ್ರಗಳನ್ನು ನಡೆಸಿದ್ದು ಉಗಿಯೇ.

ಮಲೆನಾಡ ಮೇಷ್ಟ್ರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಡಬ್ಬಿಯ ಪ್ರಯೋಗ ಮಾಡಿದೆ. ಮೊದಲ ಡಬ್ಬಿಯಲ್ಲಿ ನೀರು ಸರಿಯಾಗಿ ಕುದಿಯುವ ಮೊದಲೇ ಅವಸರಪಟ್ಟಿದ್ದರಿಂದ ಏನೂ ಆಗಲಿಲ್ಲ. ಎರಡನೆಯದು ಒಮ್ಮೆಲೇ ಸಿಡಿದಂಥ ಸದ್ದು ಮಾಡಿ ಚಪ್ಪಟೆಯಾದಾಗ ಪಕ್ಕದ ತರಗತಿಯವರೂ ಓಡಿಬಂದರು. ಆ ಹುಡುಗಿ ಚಪ್ಪಟೆಯಾದ ಡಬ್ಬಿಯನ್ನು ಅಜ್ಜಿಗೆ ತೋರಿಸುವುದಾಗಿ ಮನೆಗೆ ಒಯ್ದಿದ್ದಾಳೆ.

ಅವಳದೇ ಇನ್ನೊಂದು ಪ್ರಶ್ನೆಯಿದೆ. ಅವರ ತೋಟದ ಪಂಪ್‌ಸೆಟ್ಟಿನ ಮೇಲೆ 5 ಎಚ್‌ಪಿ ಎಂದೂ ಮನೆಯ ಬಲ್ಬಿನ ಮೇಲೆ 9 ವಾಟ್ ಎಂದೂ ಬರೆದಿದೆಯಂತೆ. ಎರಡಕ್ಕೂ ಇದೇ ಮನುಷ್ಯನೇ ಕಾರಣನೇ?

ಹಳೇ ಬಾಯ್ಲರ್

ಹೌದು ಮೇಷ್ಟ್ರೇ, ಎರಡಕ್ಕೂ ಅವನೇ. ವಾಟ್‌ನ ಎಂಜಿನ್ ತಿರುಗುವ ಚಕ್ರವನ್ನೂ ನಡೆಸುವಂತಾದ ಮೇಲೆ, ಕುದುರೆ ಕಟ್ಟಿ ಗಿರಣಿ ತಿರುಗಿಸುತ್ತಿದ್ದವರು ಗಿರಾಕಿಗಳಾಗಿ ಬಂದರು. ಈ ಎಂಜಿನ್ ಎಷ್ಟು ಕುದುರೆಗೆ ಸಮ ಎಂಬುದು ಅವರಿಗೆ ತಿಳಿಯಬೇಕಿತ್ತು. ಒಂದು ನಿಮಿಷದಲ್ಲಿ 33,000 ಪೌಂಡ್ ಭಾರವನ್ನು ಒಂದು ಅಡಿ ಎತ್ತುವುದು ಒಂದು ಕುದುರೆಯ ಕೆಲಸವೆಂದು ವಾಟ್ ಗೊತ್ತುಮಾಡಿದ. ಎಚ್‌ಪಿ ಎಂದರೆ ಇದೇ ಹಾರ್ಸ್‌ಪವರ್, ಕುದುರೆಯ ಬಲ. ಸಾಮಾನ್ಯ ಕುದುರೆ ದಿನವಿಡೀ ಅಷ್ಟು ಎಳೆಯಲಾರದು, ಆದರೂ ಆ ಅಂಕಿ ಉಳಿದುಕೊಂಡಿತು. ವಾಟ್ ಎಂಬ ಮೂಲಮಾನಕ್ಕೆ ಅವನ ಹೆಸರಿಟ್ಟದ್ದು ಅವನು ಸತ್ತು ಅರವತ್ತಕ್ಕೂ ಹೆಚ್ಚು ವರ್ಷವಾದ ಮೇಲೆ, 1882ರಲ್ಲಿ. ಒಂದು ಎಚ್‌ಪಿ ಎಂದರೆ ಸುಮಾರು 746 ವಾಟ್. ಅವರ ತೋಟದ ಮೋಟಾರು 3,730 ವಾಟ್‌ನದು. ಅದು ಎಷ್ಟು 9 ವಾಟ್ ಬಲ್ಬುಗಳಿಗೆ ಸಮವೆಂದು ಅವಳೇ ಲೆಕ್ಕ ಹಾಕಲಿ.