ಇ-ಸೈಕಲ್ ಬ್ಯಾಟರಿ: ಒಂದು ಗುಂಪು ಮಾತ್ರ ಕುಸಿದಿದೆ, ಪೂರ್ತಿ ಬಿಚ್ಚಬೇಕಾ?

ಪ್ರಶ್ನೆ:
ಮನೆಯಲ್ಲೇ ಕಟ್ಟಿದ 36 ವೋಲ್ಟ್ ಪ್ಯಾಕ್, 10ಎಸ್ 4ಪಿ (ನಾಲ್ಕು ಸೆಲ್ ಪ್ಯಾರಲಲ್ ಸೇರಿದ ಗುಂಪುಗಳು ಹತ್ತು, ಸರಣಿಯಲ್ಲಿ). ಹಳೇ ಲ್ಯಾಪ್‌ಟಾಪ್‌ಗಳಿಂದ ತೆಗೆದ 2200 ಎಂಎಎಚ್‌ನ 18650 ಸೈಜಿನ ಲಿಥಿಯಂ ಸೆಲ್‌ಗಳು. 250 ವಾಟ್ ಹಬ್ ಮೋಟರ್, 15 ಆಂಪ್ ಕಂಟ್ರೋಲರ್. ಏರು ಹತ್ತುವಾಗ ಪವರ್ ಕಟ್ ಆಗುತ್ತೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬರುತ್ತೆ. ಚಾರ್ಜ್ ಮುಗಿಸಿ ರಾತ್ರಿಯಿಡೀ ಬಿಟ್ಟು ಅಳೆದರೆ ಒಟ್ಟು 41.3 ವೋಲ್ಟ್. ಒಂಬತ್ತು ಗುಂಪುಗಳು 4.18ರಲ್ಲಿವೆ, ಏಳನೆಯದು ಮಾತ್ರ 3.71. ಆ ನಾಲ್ಕು ಸೆಲ್ ಬದಲಿಸಿದರೆ ಸಾಕಾ, ಅಥವಾ ಪೂರ್ತಿ ಹೊಸದಾಗಿ ಕಟ್ಟಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಉತ್ತರ 1:
ಬಿಚ್ಚುವ ಮುಂಚೆ ಕಾರಣ ಹುಡುಕಿ ಸರ್. ಕೆಪಾಸಿಟಿ ಕಳೆದುಕೊಂಡ ಗುಂಪು ಚಾರ್ಜ್ ಆಗುವಾಗ ಎಲ್ಲಕ್ಕಿಂತ ಮೊದಲು ತುಂಬುತ್ತೆ, ಓಡಿಸುವಾಗ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತೆ. ನಿಮ್ಮ ಏಳನೇ ಗುಂಪು ಚಾರ್ಜ್ ಮುಗಿದಾಗಲೂ ಕೆಳಗೇ ಇದೆ. ಅಂದರೆ ಸುಮ್ಮನಿದ್ದಾಗ ಅದರಿಂದ ಚಾರ್ಜ್ ಎಲ್ಲೋ ಸೋರುತ್ತಿದೆ: ಒಂದು ಸೆಲ್ ಒಳಗೇ ಸೋರುತ್ತಿರಬಹುದು, ಇಲ್ಲವೇ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಬೋರ್ಡ್) ಅದೊಂದೇ ಗುಂಪಿನಿಂದ ಕರೆಂಟ್ ಎಳೆಯುತ್ತಿರಬಹುದು.

ಬಿಎಂಎಸ್ ತಾನೇ ಸರಿಮಾಡುತ್ತೆ ಅಂತ ಕಾಯಬೇಡಿ. ಅಗ್ಗದ ಬೋರ್ಡ್‌ಗಳಲ್ಲಿ ಗುಂಪುಗಳನ್ನು ಸಮ ಮಾಡುವ ಬ್ಯಾಲೆನ್ಸ್ ಕರೆಂಟ್ 50 ಮಿಲಿಆಂಪ್ ಆಸುಪಾಸು. ನಿಮ್ಮ ವ್ಯತ್ಯಾಸ ಹೆಚ್ಚುಕಡಿಮೆ 4 ಆಂಪ್-ಅವರ್, ಅದಕ್ಕೆ 80 ಗಂಟೆ ಬೇಕು. ಅದರ ಬದಲು ಚಾರ್ಜರ್, ಕಂಟ್ರೋಲರ್ ಎರಡನ್ನೂ ಬಿಚ್ಚಿಟ್ಟು, 4.2 ವೋಲ್ಟ್‌ಗೆ ನಿಲ್ಲುವ 1 ಆಂಪ್‌ನ ಟಿಪಿ4056 ಚಾರ್ಜಿಂಗ್ ಬೋರ್ಡಿನಿಂದ ಆ ಗುಂಪನ್ನು ಮಾತ್ರ ತುಂಬಿಸಿ. ನಾಲ್ಕೈದು ಗಂಟೆ ಹಿಡಿಯುತ್ತೆ, ಹತ್ತಿರವೇ ಇರಿ. ಆಮೇಲೆ ಗುಂಪುಗಳಿಂದ ಬಿಎಂಎಸ್‌ಗೆ ಹೋಗುವ ತೆಳು ವೈರ್‌ಗಳ ಬ್ಯಾಲೆನ್ಸ್ ಕನೆಕ್ಟರ್ ಕಿತ್ತಿಟ್ಟು ಎರಡು ವಾರ ಮುಟ್ಟಬೇಡಿ. ಆ ಸ್ಥಿತಿಯಲ್ಲಿ ಪ್ಯಾಕ್ ಚಾರ್ಜ್ ಮಾಡುವುದಾಗಲಿ ಓಡಿಸುವುದಾಗಲಿ ಕೂಡದು. ವೋಲ್ಟೇಜ್ ನಿಂತರೆ ತಪ್ಪು ಬಿಎಂಎಸ್‌ನದು, ಅದೊಂದನ್ನೇ ಬದಲಿಸಿ. ಇಳಿದರೆ ಸೆಲ್ ಹೋಗಿದೆ. ಯಾವುದೇ ಗುಂಪು 2 ವೋಲ್ಟ್‌ಗಿಂತ ಕೆಳಗೆ ಹೋಗಿದ್ದರೆ ಮಾತ್ರ ಅದಕ್ಕೆ ಮತ್ತೆ ಚಾರ್ಜ್ ಕೊಡಲೇಬೇಡಿ. ಒಳಗಿನ ತಾಮ್ರ ಕರಗಿ ಶಾರ್ಟ್ ಆಗುವ ಅಪಾಯವಿದೆ.

ಉತ್ತರ 2:
ಸೆಲ್ಲೇ ಹೋಗಿದ್ದರೆ ನಾಲ್ಕನ್ನು ಮಾತ್ರ ಬದಲಿಸುವುದು ನನ್ನ ಮಟ್ಟಿಗೆ ವ್ಯರ್ಥ ಖರ್ಚು. 15 ಆಂಪ್ ನಾಲ್ಕಕ್ಕೆ ಹಂಚಿದರೆ ಒಂದೊಂದರ ಮೇಲೆ 3.75 ಆಂಪ್. ವಯಸ್ಸಾದ ಲ್ಯಾಪ್‌ಟಾಪ್ ಸೆಲ್‌ಗೆ ಅದು ಭಾರ. ಏಳನೆಯದನ್ನು ಹೊಸದು ಮಾಡಿದರೆ ಮುಂದೆ ಮೂರನೆಯದೋ ಒಂಬತ್ತನೆಯದೋ ಕೈಕೊಡುತ್ತದೆ.

40 ಹೊಸ ಸೆಲ್, ಎಲ್ಲಾ ಒಂದೇ ಮಾಡೆಲ್, ಒಂದೇ ಬ್ಯಾಚ್ ತೆಗೆದುಕೊಳ್ಳಿ. ಸ್ಯಾಮ್‌ಸಂಗ್ 35ಇ ಅಥವಾ ಎಲ್‌ಜಿ ಎಂಜೆ1, ಎರಡೂ 3500 ಎಂಎಎಚ್‌ನ ಆಸುಪಾಸಿನವು, ಈ ಕರೆಂಟ್‌ಗೆ ಧಾರಾಳ. ಪ್ಯಾಕ್ 8.8ರಿಂದ 14 ಆಂಪ್-ಅವರ್‌ಗೆ ಏರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ತರಿಸಿ, ತೂಕದ ತಕ್ಕಡಿ ಜೊತೆಗಿರಲಿ. ಅಸಲಿ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ, 30ರ ಆಸುಪಾಸಿನದು ನಕಲಿ. 9900 ಎಂಎಎಚ್ ಎಂದು ಬರೆದಿರುವ 18650 ಸುಳ್ಳು, ಮುಟ್ಟಬೇಡಿ.

ಉತ್ತರ 3:
ಕಟ್ಟುವ ಕೆಲಸದ ಬಗ್ಗೆ. ಸೆಲ್‌ನ ಪ್ಲಸ್ ತುದಿಯನ್ನು ಹತ್ತಿರದಿಂದ ನೋಡಿ. ನಡುವಿನ ಗುಂಡಿ ಪ್ಲಸ್. ಅದರ ಸುತ್ತ ಮಡಚಿರುವ ಅಂಚು ಮೈನಸ್, ಏಕೆಂದರೆ ಇಡೀ ಡಬ್ಬಿಯೇ ಮೈನಸ್. ಎರಡರ ನಡುವೆ ಒಂದೆರಡು ಮಿಲಿಮೀಟರ್ ಅಂತರ, ಅಂಚಿನ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹೊದಿಕೆ ಅಷ್ಟೇ. ನಮ್ಮ ಗುಂಡಿ ರಸ್ತೆಗಳ ಕುಲುಕಾಟಕ್ಕೆ ನಿಕ್ಕಲ್ ಪಟ್ಟಿ ಅದನ್ನು ಉಜ್ಜಿ ಹರಿದರೆ ನೇರ ಶಾರ್ಟ್. ಹಾಗಾಗಿ ಪ್ರತಿ ಪ್ಲಸ್ ತುದಿಗೂ ಅಂಟಿಸುವ ಇನ್ಸುಲೇಷನ್ ರಿಂಗ್ ಹಾಕಿ. ಇದನ್ನು ಬಿಡಲೇಬಾರದು. ಸೆಲ್‌ಗಳನ್ನು ಪ್ಲಾಸ್ಟಿಕ್ ಹೋಲ್ಡರ್‌ನಲ್ಲಿ ಕೂರಿಸಿ, ಬರೀ ಟೇಪ್ ಸುತ್ತಿ ಕಟ್ಟಬೇಡಿ.

ಪಟ್ಟಿ 0.15 ಮಿಮೀ ದಪ್ಪ, 8 ಮಿಮೀ ಅಗಲದ ಶುದ್ಧ ನಿಕ್ಕಲ್ ಇರಲಿ. ನಿಕ್ಕಲ್ ಲೇಪಿಸಿದ ಉಕ್ಕನ್ನೇ ಶುದ್ಧ ಅಂತ ಮಾರುತ್ತಾರೆ. ತುಂಡೊಂದನ್ನು ಗೀರಿ ಉಪ್ಪುನೀರಲ್ಲಿ ಎರಡು ದಿನ ಬಿಡಿ, ತುಕ್ಕು ಬಂದರೆ ಉಕ್ಕು. ಜೋಡಿಸಲು ಸ್ಪಾಟ್ ವೆಲ್ಡರ್ರೇ ಬೇಕು. ಸೆಲ್ ಮೇಲೆ ನೇರ ಸೋಲ್ಡರ್ ಮಾಡಿದರೆ ಆ ಬಿಸಿಗೆ ಒಳಗಿನ ಸೆಪರೇಟರ್ (ಪ್ಲಸ್, ಮೈನಸ್ ಬೇರೆ ಇಡುವ ಪದರ) ಮತ್ತು ಸೀಲ್ ಹಾಳಾಗುತ್ತೆ. ಬೇರೆ ತುಂಡಿನ ಮೇಲೆ ವೆಲ್ಡ್ ಮಾಡಿ ಇಕ್ಕಳದಿಂದ ಎಳೆಯಿರಿ: ಪಟ್ಟಿ ಹರಿದು ಚುಕ್ಕೆ ಆ ತುಂಡಿನ ಮೇಲೇ ಉಳಿದರೆ ವೆಲ್ಡ್ ಗಟ್ಟಿ, ಪಟ್ಟಿ ಹಾಗೇ ಕಿತ್ತು ಬಂದರೆ ಪವರ್ ಸಾಲದು. ದಪ್ಪ ವೈರನ್ನು ಪಟ್ಟಿಗೆ ಮೊದಲೇ ಸೋಲ್ಡರ್ ಮಾಡಿಕೊಂಡು ಆಮೇಲೆ ವೆಲ್ಡ್ ಮಾಡಿ.

ಪ್ಯಾರಲಲ್ ಜೋಡಿಸುವ ಮುನ್ನ ಸೆಲ್‌ಗಳ ನಡುವಿನ ವ್ಯತ್ಯಾಸ 0.05 ವೋಲ್ಟ್ ಒಳಗಿರಲಿ. ಉಂಗುರ, ವಾಚ್ ತೆಗೆದಿಟ್ಟು ಕೂರಿ.

ಇನ್ನು ಫ್ಯೂಸ್. ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ 32 ವೋಲ್ಟ್‌ಗೆ ಮಾಡಿದ್ದು. 42 ವೋಲ್ಟ್‌ನಲ್ಲಿ ಅದು ಸುಟ್ಟರೂ ಒಳಗೆ ಆರ್ಕ್ (ಹಾರುವ ಕಿಡಿ) ನಿಲ್ಲದೇ ಇರಬಹುದು. 58 ವೋಲ್ಟ್ ಡಿಸಿ ಅಂತ ಬರೆದಿರುವ 25 ಆಂಪ್‌ನದನ್ನು ಪ್ಲಸ್ ವೈರಿಗೆ ಹಾಕಿ.

ಉತ್ತರ 4:
ಹೊಸದಾಗಿ ಕಟ್ಟುವುದಾದರೆ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಸೆಲ್) ಕೂಡ ಯೋಚಿಸಿ. 32700 ಸೈಜಿನ 6 ಆಂಪ್-ಅವರ್ ಸೆಲ್, 12ಎಸ್ 2ಪಿ, ಒಟ್ಟು 24. ಬಿಸಿಗೆ ಬೆಂಕಿ ಹತ್ತುವ ಸಾಧ್ಯತೆ ಕಡಿಮೆ, ಬಾಳಿಕೆ ಹೆಚ್ಚು. ಸೆಲ್‌ಗಳದ್ದೇ ತೂಕ ಎರಡು ಕಿಲೋ ಇದ್ದದ್ದು ಮೂರೂವರೆ ಹತ್ತಿರ ಹೋಗುತ್ತೆ, ಈಗಿನ ಡಬ್ಬಿಯಲ್ಲಿ ಹಿಡಿಸಲಿಕ್ಕಿಲ್ಲ. ಚಾರ್ಜರ್ 43.8 ವೋಲ್ಟ್‌ನದು, ಬಿಎಂಎಸ್ ಎಲ್‌ಎಫ್‌ಪಿಯದೇ ಬೇಕು. ಡಿಸ್‌ಪ್ಲೇಯ ಬ್ಯಾಟರಿ ಕಡ್ಡಿಗಳನ್ನು ಮಾತ್ರ ನಂಬಬೇಡಿ, ಇದರ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಮೊದಲು ಎರಡು ವಾರದ ಪರೀಕ್ಷೆ ಮಾಡುತ್ತೇನೆ. ಬಿಎಂಎಸ್ ವೈರಿಂಗ್ ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ 3:
ಮೊದಲು ಪ್ಯಾಕ್‌ನ ಮೈನಸ್‌ನಿಂದ ಬೋರ್ಡಿಗೆ ಹೋಗುವ ದಪ್ಪ ಬಿ-ಮೈನಸ್ ವೈರ್. ಬ್ಯಾಲೆನ್ಸ್ ಕನೆಕ್ಟರನ್ನು ಬೋರ್ಡಿಗೆ ಚುಚ್ಚದೆ, ಅದರ ತೆಳು ವೈರ್‌ಗಳನ್ನು ಗುಂಪಿನಿಂದ ಗುಂಪಿಗೆ ವರಸೆಯಾಗಿ ಸೋಲ್ಡರ್ ಮಾಡಿ. ಆಮೇಲೆ ಮಲ್ಟಿಮೀಟರ್‌ನ ಕಪ್ಪು ಕಡ್ಡಿಯನ್ನು ಪ್ಯಾಕ್‌ನ ಮೈನಸ್‌ಗೆ ಹಿಡಿದು ಕನೆಕ್ಟರ್‌ನ ಪಿನ್‌ಗಳನ್ನು ಒಂದೊಂದಾಗಿ ಅಳೆಯಿರಿ: ಸುಮಾರು 3.6, 7.2, 10.8, ಹೀಗೆ ಸಮವಾಗಿ ಏರಿ 36ಕ್ಕೆ ಮುಟ್ಟಬೇಕು. ಎಲ್ಲಾದರೂ ಹಾರಿದರೆ ಎರಡು ವೈರ್ ಅದಲುಬದಲಾಗಿವೆ, ಹಾಗೇ ಚುಚ್ಚಿದರೆ ಬೋರ್ಡ್ ಸುಡುತ್ತೆ. ಸರಿಯಿದ್ದರೆ ಕನೆಕ್ಟರ್ ಕೊನೆಗೆ. ಬಿಚ್ಚುವಾಗ ಇದರ ತಿರುಗಾಮುರುಗ, ಕನೆಕ್ಟರ್ ಮೊದಲು, ಬಿ-ಮೈನಸ್ ಆಮೇಲೆ.