ಬೆರಳು ನೋವಿಗೂ ಹೊಟ್ಟೆಯ ಬೊಜ್ಜಿಗೂ ಏನು ಸಂಬಂಧ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 46 ವರ್ಷ, ಹಾವೇರಿ ಕಡೆಯವಳು. ರುಮಟಾಯ್ಡ್ ಆರ್ಥ್ರೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳಲ್ಲಿ ಬಾವು ತರಿಸುವ ಸಂಧಿವಾತ) ಇದೆ. ಎತ್ತರ 5 ಅಡಿ 2 ಇಂಚು, ತೂಕ 78 ಕೆಜಿ. ಅದಕ್ಕೆ ಕೊಟ್ಟ ಮೆಥೋಟ್ರೆಕ್ಸೇಟ್ ಔಷಧಿಯನ್ನು ವಾರಕ್ಕೊಮ್ಮೆ ತಪ್ಪದೆ ತಗೊಳ್ತೀನಿ. ಆದರೂ ಬೆಳಗ್ಗೆ ಎದ್ದು ಒಂದು ಗಂಟೆ ಮುಷ್ಟಿ ಕಟ್ಟಲು ಆಗುವುದಿಲ್ಲ. ರೊಟ್ಟಿ ಬಡಿಯುವುದಂತೂ ಬಿಟ್ಟೇಬಿಟ್ಟೆ. ನಮ್ಮ ಡಾಕ್ಟರು ಹೋದಾಗಲೆಲ್ಲ "ತೂಕ ಇಳಿಸಿ" ಅನ್ನುತ್ತಾರೆ. ಮಂಡಿ ನೋವಾದರೆ ಒಪ್ಪುವ ಮಾತು. ಮೈಭಾರ ಬೆರಳಿನ ಮೇಲೆ ಬೀಳುವುದಿಲ್ಲ ಅಲ್ವಾ?

ಉತ್ತರ (ರುಮಟಾಲಜಿಸ್ಟ್, ಅಂದರೆ ಸಂಧಿವಾತದ ತಜ್ಞೆ): ಭಾರ ಬೀಳುವುದಿಲ್ಲ, ನಿಜ. ಆದರೆ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಹೊಟ್ಟೆಯ ಕೊಬ್ಬು ಐಎಲ್-6, ಟಿಎನ್‌ಎಫ್ ಎಂಬ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ. ನಿಮ್ಮ ಬೆರಳಿನ ಕೀಲುಗಳಲ್ಲಿ ಬಾವು ತರಿಸುವುದೂ ಇವೇ. ಹಾಗಾಗಿ ಬೊಜ್ಜು ಇರುವವರಲ್ಲಿ ಕಾಯಿಲೆ ಪೂರ್ತಿ ಹತೋಟಿಗೆ ಬರುವ ಸಾಧ್ಯತೆ ಕಡಿಮೆ. ನೋವು, ಸುಸ್ತು ಜಾಸ್ತಿ, ಮನಸ್ಸೂ ಕುಗ್ಗುತ್ತದೆ. ಇನ್‌ಫ್ಲಿಕ್ಸಿಮ್ಯಾಬ್‌ನಂಥ ದುಬಾರಿ ಇಂಜೆಕ್ಷನ್ ಕೂಡ ಅವರಿಗೆ ಅಷ್ಟಾಗಿ ನಾಟುವುದಿಲ್ಲ. ನಮ್ಮವರಲ್ಲಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟಿದೆ ಎಂಬ ಲೆಕ್ಕ) 25 ದಾಟಿದರೇ ಬೊಜ್ಜು ಅನ್ನುತ್ತೇವೆ. ನಿಮ್ಮದು 31ರ ಮೇಲಿದೆ.

ಹಾಗಂತ ಎಲ್ಲವನ್ನೂ ತೂಕದ ತಲೆಗೆ ಕಟ್ಟುವುದು ನನಗೆ ಇಷ್ಟವಿಲ್ಲ. ಒಂದು ಗಂಟೆ ಬಿಗಿತ ಅಂದರೆ ಕಾಯಿಲೆ ಇನ್ನೂ ಒಳಗೆ ನಡೆಯುತ್ತಿರಬಹುದು. ಔಷಧಿಯನ್ನೂ ಮತ್ತೆ ನೋಡಬೇಕು. ಸಿಆರ್‌ಪಿ (ಮೈಯಲ್ಲಿ ಬಾವು ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ಒಂದನ್ನೇ ನಂಬುವಂತಿಲ್ಲ. ದಪ್ಪಗಿರುವ ಹೆಂಗಸರಲ್ಲಿ ಈ ಕಾಯಿಲೆ ಇಲ್ಲದಿದ್ದರೂ ಅದು ಸ್ವಲ್ಪ ಏರಿರುತ್ತದೆ. ಕೀಲನ್ನು ಒತ್ತಿ ನೋಡಬೇಕು. ಬಾವು ಇದ್ದರೆ ಮೆತ್ತಗೆ ಕೈಗೆ ಸಿಗುತ್ತದೆ. ಮುಂದಿನ ಸಲ ಹೋದಾಗ ಎರಡೂ ಕೈ ಮುಂದೆ ಚಾಚಿ, "ಒಂದೊಂದೇ ಕೀಲು ಒತ್ತಿ ನೋಡಿ" ಅಂತ ಕೇಳಿ. ಸಂಕೋಚ ಬೇಡ.

ಇನ್ನೊಬ್ಬ ಸದಸ್ಯೆ: ನಮ್ಮತ್ತೆಗೂ ಇದೇ ಕಾಯಿಲೆ. ಅವರು ಬರೀ 39 ಕೆಜಿ. ಹಾಗಾದ್ರೆ ಅವರಿಗೆ ಚಿಂತೆ ಇಲ್ಲ ಅಲ್ವಾ ಮೇಡಂ?

ಉತ್ತರ: ಅವರ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆ! ಈ ಕಾಯಿಲೆ ಮಾಂಸಖಂಡವನ್ನು ಕರಗಿಸುತ್ತದೆ. ತೀರಾ ತೆಳ್ಳಗಿರುವವರಲ್ಲಿ ಮೂಳೆ ಸವೆತವೂ ಪ್ರಾಣಾಪಾಯವೂ ಹೆಚ್ಚು. ಕುರ್ಚಿಯಿಂದ ಕೈ ಊರದೆ ಏಳಲು ಆಗುತ್ತದಾ ನೋಡಿ. ಆಗದಿದ್ದರೆ ತೊಡೆಯ ಶಕ್ತಿ ಹೋಗಿದೆ ಅಂತಲೇ ಅನುಮಾನ ಪಡಬೇಕು. ಬೇಳೆ, ಮೊಳಕೆಕಾಳು, ತಿನ್ನುವವರಾದರೆ ಮೊಟ್ಟೆ ಕೊಡಿ. ಇತ್ತೀಚೆಗೆ ತಾನಾಗಿಯೇ ತೂಕ ಇಳಿದಿದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಮೇಡಂ. ಸ್ಟೆರಾಯ್ಡ್ ಮಾತ್ರೆ ಶುರುವಾದ ಮೇಲೆ ಹಸಿವು ತಡೆಯಲು ಆಗ್ತಿಲ್ಲ, ದಪ್ಪ ಆಗಿದ್ದೂ ಆಮೇಲೆಯೇ. ನಿಲ್ಲಿಸಿಬಿಡಲಾ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಬಹಳ ದಿನ ತಗೊಂಡು ದಿಢೀರ್ ಬಿಟ್ಟರೆ ಬಿಪಿ ಕುಸಿದು ಆಸ್ಪತ್ರೆ ಸೇರಬೇಕಾದೀತು. ಬೇರೆ ಔಷಧಿ ಸರಿಹೊಂದಿಸಿಕೊಂಡು ಡಾಕ್ಟರೇ ಮೆಲ್ಲಗೆ ಇಳಿಸಬೇಕು. ಹಸಿವಿನ ವಿಷಯ ಅವರಿಗೆ ಹೇಳಿದ್ದೀರಾ? ಮೊದಲು ಅದನ್ನು ಹೇಳಿ.