ಕಾಶಿಯಲ್ಲಿ ನಾಲ್ಕು ದಿನ: ಅವ್ವನ ಜೊತೆಗೆ ಏನು ನೋಡಬೇಕು, ಏನು ಬಿಡಬೇಕು?

ಪ್ರಶ್ನೆ (ಬೆಟಗೇರಿ, ಗದಗ)

ಬರುವ ದಸರಾ ರಜೆಯಲ್ಲಿ ಅವ್ವನನ್ನು ಕಾಶಿಗೆ ಕರೆದುಕೊಂಡು ಹೋಗಬೇಕೆಂದು ನಿಶ್ಚಯಿಸಿದ್ದೇನೆ. ಆಕೆಗೆ 72 ವರ್ಷ. ಸಮತಟ್ಟಾದ ನೆಲದಲ್ಲಿ ಅರ್ಧ ತಾಸು ನಿಧಾನವಾಗಿ ನಡೆಯುತ್ತಾಳೆ, ಆದರೆ ಮೊಣಕಾಲು ನೋವಿನಿಂದಾಗಿ ಮೆಟ್ಟಿಲು ಇಳಿಯುವುದು ಕಷ್ಟ. ನಮ್ಮ ಮನೆಯ ದೇವರ ಜಗಲಿಯ ಮೇಲೆ ಅಜ್ಜ ಕಾಶಿಯಿಂದ ತಂದ ಗಂಗೆಯ ತಾಮ್ರದ ತಂಬಿಗೆಯೊಂದು ಇದೆ. ಅದರ ಬಾಯಿಯ ಬೆಸುಗೆಯನ್ನು ಇದುವರೆಗೆ ಯಾರೂ ಒಡೆದಿಲ್ಲ. ಪ್ರತಿ ದೀಪಾವಳಿಗೆ ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ನೀರು ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡು ಮತ್ತೆ ಜಗಲಿಗೆ ಇಡುತ್ತಾಳೆ. ಆ ನೀರು ಬಂದ ಊರನ್ನು ಕಣ್ಣಾರೆ ನೋಡಬೇಕೆಂಬುದು ಆಕೆಯ ಬಹುದಿನದ ಆಸೆ.

ಪ್ರವಾಸ ಏರ್ಪಡಿಸುವವರೊಬ್ಬರು ಕೊಟ್ಟ ಪಟ್ಟಿಯಲ್ಲಿ ಎರಡೇ ದಿನಕ್ಕೆ ಹತ್ತೊಂಬತ್ತು ಸ್ಥಳಗಳಿವೆ. ಅದನ್ನು ಓದಿದಾಗಲೇ ನನಗೆ ಆಯಾಸವಾಯಿತು. ಹಾಗಾಗಿ ನಾವಿಬ್ಬರೇ ಹೋಗಿ ನಾಲ್ಕು ದಿನ ಅಲ್ಲಿ ಉಳಿಯುವ ವಿಚಾರವಿದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಲಕ್ಕುಂಡಿಯ ಗುಡಿಗಳನ್ನೂ ನಮ್ಮೂರಿನ ತ್ರಿಕೂಟೇಶ್ವರನನ್ನೂ ನೋಡುತ್ತ ಬೆಳೆದವನು. ಅಷ್ಟು ಪುರಾತನ ನಗರದಲ್ಲಿ ನಮ್ಮ ಗುಡಿಗಳಿಗಿಂತ ಹಳೆಯವು ಇರಬೇಕೆಂದು ನಾನು ಭಾವಿಸಿದ್ದರೆ, ಹೋಗಿ ಬಂದ ಸಹೋದ್ಯೋಗಿಯೊಬ್ಬರು ಅಲ್ಲಿ ಹಳೆಯದೆನ್ನುವುದು ಏನೂ ಉಳಿದಿಲ್ಲವೆಂದು ಹೇಳಿದರು. ಇದು ನಿಜವೇ? ಅವ್ವನ ಕಾಲಿಗೂ ನನ್ನ ಕುತೂಹಲಕ್ಕೂ ಹೊಂದುವಂತೆ ನಾಲ್ಕು ದಿನಗಳನ್ನು ಹೇಗೆ ಕಳೆಯಬೇಕೆಂದು, ಹೋಗಿ ಬಂದವರು ದಯವಿಟ್ಟು ತಿಳಿಸಿರಿ.

ಉತ್ತರ 1 (ವಿದ್ಯಾನಗರ, ಹುಬ್ಬಳ್ಳಿ)

ಸರ್, ಎರಡು ವರ್ಷಗಳ ಹಿಂದೆ ನನ್ನ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೂ ಮೊಣಕಾಲಿನದೇ ತೊಂದರೆ ಇದ್ದುದರಿಂದ ಮೊದಲು ಅದನ್ನೇ ಹೇಳುತ್ತೇನೆ.

ದಸರಾ ರಜೆಯ ಬಗ್ಗೆ ಇನ್ನೊಮ್ಮೆ ವಿಚಾರ ಮಾಡಿರಿ. ಮಳೆಗಾಲದಲ್ಲಿ ಗಂಗೆ ಏರಿ ಘಾಟುಗಳ ಮೆಟ್ಟಿಲುಗಳನ್ನೆಲ್ಲ ಮುಳುಗಿಸುತ್ತಾಳೆ. ಇಳಿಯುವಾಗ ಮೆಟ್ಟಿಲುಗಳ ಮೇಲೆ ದಪ್ಪನೆಯ ಹೂಳನ್ನು ಬಿಟ್ಟು ಹೋಗುತ್ತಾಳೆ. ನಾವು ಹೋದದ್ದು ದಸರೆಯ ಹೊತ್ತಿಗೇ. ಪೈಪಿನಿಂದ ಜೋರಾಗಿ ನೀರು ಹಾಯಿಸಿ ಆ ಹೂಳನ್ನು ತೊಳೆಯುತ್ತಿದ್ದರು, ತೊಳೆದ ಮೆಟ್ಟಿಲು ಸಹ ಜಾರುತ್ತಿತ್ತು, ಅಪ್ಪ ನನ್ನ ಭುಜ ಬಿಡಲಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿಯವರೆಗೆ ಮಂಜು ಕವಿದು ಉತ್ತರದ ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ಶಾಲೆಗೆ ರಜೆ ಸಿಗುವುದಾದರೆ ನವೆಂಬರ್ ಅಥವಾ ಫೆಬ್ರವರಿ ಒಳ್ಳೆಯದು. ಆದರೆ ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಯನ್ನೂ ಮಹಾಶಿವರಾತ್ರಿಯನ್ನೂ ತಪ್ಪಿಸಿರಿ. ಆ ದಿನಗಳ ಗದ್ದಲದಲ್ಲಿ ವಯಸ್ಸಾದವರನ್ನು ಹಿಡಿದು ನಿಲ್ಲುವುದು ಕಠಿಣ. ಹುಬ್ಬಳ್ಳಿಯಿಂದ ವಾರಣಾಸಿಗೆ ವಾರಕ್ಕೊಮ್ಮೆ ನೇರ ರೈಲು ಇದೆ. ಕೆಳಗಿನ ಬರ್ತ್ ಸಿಗಬೇಕಾದರೆ ಮುಂಗಡ ಬುಕಿಂಗ್ ಆರಂಭವಾದ ದಿನವೇ ಟಿಕೆಟ್ ತೆಗೆಸಿರಿ.

ವಿಶ್ವನಾಥನ ದರ್ಶನ ಮೊದಲಿನಷ್ಟು ಇಕ್ಕಟ್ಟಾಗಿಲ್ಲ. 2021ರ ಡಿಸೆಂಬರ್ 13ರಂದು ಉದ್ಘಾಟನೆಯಾದ, ಗುಡಿಯಿಂದ ಗಂಗೆಯವರೆಗಿನ ಕಾರಿಡಾರಿನಿಂದ ಸುಮಾರು 3,000 ಚದರ ಅಡಿಯಷ್ಟಿದ್ದ ಆವರಣ 5 ಲಕ್ಷ ಚದರ ಅಡಿಯಷ್ಟಾಗಿದೆ, ಒಳಗೆ ಗಾಲಿಕುರ್ಚಿಯೂ ಸಿಗುತ್ತದೆ. ಮೊಬೈಲ್ ಒಳಗೆ ಬಿಡುವುದಿಲ್ಲವಾದ್ದರಿಂದ ಅದನ್ನು ಕೋಣೆಯಲ್ಲೇ ಇಟ್ಟು ಹೋಗಿರಿ. ನಾನು ಮೊದಲ ದಿನ ಒಂದು ತಪ್ಪು ಮಾಡಿದೆ. ಗಲ್ಲಿಯಲ್ಲಿ ಎದುರಾದ ಒಬ್ಬರು ಬೇಗ ದರ್ಶನ ಮಾಡಿಸುವುದಾಗಿ ಹೇಳಿ ಒಂದು ಅಂಗಡಿಯಲ್ಲಿ ಕೂರಿಸಿ, ಮೊಬೈಲ್ ಇಡಲು ಪೆಟ್ಟಿಗೆ ಕೊಟ್ಟು, ಬೇಡವೆಂದರೂ ಪೂಜೆಯ ತಟ್ಟೆ ಕೊಳ್ಳುವಂತೆ ಮಾಡಿದರು. ಕೊನೆಗೆ ನಾವು ನಿಂತದ್ದು ಎಲ್ಲರೂ ನಿಂತ ಸಾಲಿನಲ್ಲಿಯೇ. ದುಡ್ಡಿಗಿಂತ, ಅಷ್ಟು ದೂರ ಬಂದ ಅಪ್ಪನ ಮುಖ ಬಾಡಿದ್ದನ್ನು ನೋಡಿ ನನಗೆ ಬಹಳ ನೋವಾಯಿತು. ಟಿಕೆಟ್ ಬೇಕಾದರೆ ದೇವಸ್ಥಾನದ ಅಧಿಕೃತ ಕೌಂಟರಿನಲ್ಲಿಯೇ ಪಡೆಯಿರಿ.

ಘಾಟುಗಳನ್ನು ನಡೆದು ನೋಡುವ ಆಸೆ ಬೇಡ. ಅಸ್ಸಿ ಘಾಟಿನಲ್ಲಿ ಬೆಳಗಿನ ಜಾವ ದೋಣಿ ಹತ್ತಿ ಮಣಿಕರ್ಣಿಕೆಯವರೆಗೆ ಹೋಗಿ ಬನ್ನಿರಿ. ಘಾಟುಗಳೆಲ್ಲ ಪಶ್ಚಿಮದ ದಂಡೆಯಲ್ಲಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬರಿದಾದ ಎದುರು ದಂಡೆಯ ಮೇಲೆ ಹುಟ್ಟುವ ಸೂರ್ಯ ಇಡೀ ಊರನ್ನು ಒಮ್ಮೆಲೇ ಬೆಳಗುತ್ತಾನೆ. ಅಪ್ಪ ಆ ಒಂದು ತಾಸು ಮಾತೇ ಆಡಲಿಲ್ಲ.

ಉತ್ತರ 2 (ಸಪ್ತಾಪುರ, ಧಾರವಾಡ)

ಮೇಲಿನವರು ಅವ್ವನ ಕಾಲಿನ ಬಗ್ಗೆ ಹೇಳಬೇಕಾದದ್ದನ್ನು ಹೇಳಿದ್ದಾರೆ. ನಾನು ಇತಿಹಾಸ ಕಲಿಸಿ ನಿವೃತ್ತನಾದವನು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಗದಗದ ಕಡೆಯಿಂದ ಹೋದವರು ಕಾಶಿಯಲ್ಲಿ ನಿರಾಶರಾಗುವುದು ಈ ವಿಷಯದಲ್ಲಿಯೇ.

ಲಕ್ಕುಂಡಿಯಲ್ಲಿ ನೀವು ನೋಡಿರುವ ಕಾಶಿ ವಿಶ್ವನಾಥನ ಗುಡಿಯನ್ನು ನೆನಪಿಸಿಕೊಳ್ಳಿರಿ. ಒಂದೇ ಜಗತಿಯ (ಎತ್ತರದ ಕಲ್ಲುಕಟ್ಟೆಯ) ಮೇಲೆ ಶಿವ ಮತ್ತು ಸೂರ್ಯ ಎದುರುಬದುರಾಗಿರುವ, ಬಾಗಿಲುವಾಡದ ತುಂಬ ಬಳ್ಳಿಯ ಕೆತ್ತನೆಯಿರುವ ಆ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕಾಶಿಯಲ್ಲಿ ನೀವು ಈಗ ಕಾಣುವ ವಿಶ್ವನಾಥನ ಗುಡಿಯನ್ನು ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು 1780ರಲ್ಲಿ. ಶಿಖರದ ಚಿನ್ನ ಪಂಜಾಬಿನ ಮಹಾರಾಜ ರಣಜೀತ್ ಸಿಂಗ್ ಕೊಟ್ಟದ್ದು. ಅದಕ್ಕೆ ಮುಂಚಿನ ಗುಡಿ 1669ರಲ್ಲಿ ಔರಂಗಜೇಬನ ಆಜ್ಞೆಯಿಂದ ನೆಲಕ್ಕುರುಳಿತು, ಅದಕ್ಕೂ ಹಿಂದೆ ಇದ್ದವು ಒಂದಕ್ಕಿಂತ ಹೆಚ್ಚು ಸಲ ಹಾಳಾಗಿ ಮತ್ತೆ ಎದ್ದಿದ್ದವು. ಅಂದರೆ ಕಾಶಿಯ ಹೆಸರು ಹೊತ್ತ ನಮ್ಮೂರ ಗುಡಿ ಕಾಶಿಯ ಗುಡಿಗಿಂತ ಆರುನೂರು ವರ್ಷಗಳಿಗೂ ಮಿಕ್ಕಿ ಹಿರಿಯದು. ನಿಮ್ಮ ಸಹೋದ್ಯೋಗಿ ಕಲ್ಲನ್ನು ನೋಡಿ ಆ ಮಾತು ಹೇಳಿದ್ದಾರೆ. ಕಾಶಿಯ ಹಳಮೆ ಇರುವುದು ಕಲ್ಲಿನಲ್ಲಲ್ಲ, ಜನ ಎಲ್ಲಿ ಮುಳುಗುತ್ತಾರೆ, ಯಾವ ದಾರಿಯಲ್ಲಿ ಸುತ್ತುತ್ತಾರೆ ಎಂಬುದರಲ್ಲಿ. ಕಟ್ಟಡ ಬಿದ್ದಾಗಲೂ ಆ ದಾರಿ ಬಿಟ್ಟುಹೋಗಲಿಲ್ಲ.

ಇದಕ್ಕೆ ಸಾಕ್ಷಿ ನಮ್ಮ ಶಾಸನಗಳಲ್ಲಿಯೇ ಇದೆ. ನಮ್ಮ ಸೀಮೆಯ ದಾನಶಾಸನಗಳ ಕೊನೆಗೆ ಬರುವ ಶಾಪವಾಕ್ಯವನ್ನು ನೀವು ಓದಿರುತ್ತೀರಿ: ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು (ಹಸುಗಳನ್ನು) ಕೊಂದ ಪಾಪಕ್ಕೆ ಹೋಗುವನು ಎಂಬುದು. ಊರಿನ ಕೆರೆಗೋ ಗುಡಿಗೋ ಮತ್ತರುಗಳ (ಆಗಿನ ಭೂಅಳತೆಯ) ಲೆಕ್ಕದಲ್ಲಿ ಭೂಮಿ ಬಿಟ್ಟವನು, ತಾನು ಬಹುಶಃ ಎಂದೂ ಕಾಣದ ಊರನ್ನು ಸಾಕ್ಷಿಗೆ ಕರೆದಿದ್ದಾನೆ. ಹೊಯ್ಸಳ ಮೂರನೆಯ ನರಸಿಂಹ 1279ರಲ್ಲಿ ಹೆಬ್ಬಾಳೆ ಎಂಬ ಗ್ರಾಮದ ವರ್ಷದ 645 ನಿಷ್ಕಗಳ (ಚಿನ್ನದ ನಾಣ್ಯಗಳ) ಆದಾಯವನ್ನು ಕಾಶಿಗಾಗಿ ಬಿಟ್ಟುಕೊಟ್ಟ. ಕನ್ನಡ, ತುಳು, ತೆಲುಗು ಮೊದಲಾದ ನಾಡುಗಳಿಂದ ಬಂದು ಅಲ್ಲಿದ್ದವರು ತುರುಷ್ಕರಿಗೆ, ಅಂದರೆ ಆಗ ಅಲ್ಲಿ ಆಳುತ್ತಿದ್ದ ತುರ್ಕರಿಗೆ, ತೆರಬೇಕಾದ ತೆರಿಗೆಗೂ ವಿಶ್ವೇಶ್ವರನ ಸೇವೆಗೂ ಆ ಹಣ ಸಲ್ಲಬೇಕಿತ್ತು. ನಾನು ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಏಳೂವರೆ ಶತಮಾನಗಳ ಹಿಂದೆ ಕನ್ನಡದ ಒಂದು ಹಳ್ಳಿಯ ಒಕ್ಕಲುಗಳು ಬೆವರು ಸುರಿಸಿ ಬೆಳೆದದ್ದು ಗಂಗೆಯ ದಂಡೆಯ ಯಾತ್ರಿಕನೊಬ್ಬನ ಸುಂಕವಾಗಿ ಸಂದಿದೆ. ನಿಮ್ಮ ಅಜ್ಜನ ತಂಬಿಗೆ ಬಂದ ದಾರಿ ಅಷ್ಟು ಹಳೆಯದು.

ಹಾಗೆಂದು ಹಳೆಯ ಕಲ್ಲು ಇಲ್ಲವೇ ಇಲ್ಲವೆಂದಲ್ಲ. ಕಾಶಿ ಹಿಂದೂ ವಿಶ್ವವಿದ್ಯಾಲಯದಿಂದ ಕೆಲವೇ ಕಿಲೋಮೀಟರ್ ದೂರದ ಕಂದವಾ ಎಂಬಲ್ಲಿ ಕುಂಡದ ದಂಡೆಯ ಮೇಲೆ ಕರ್ದಮೇಶ್ವರನ ಗುಡಿಯಿದೆ. ಆಗ ಕಾಶಿಯನ್ನಾಳುತ್ತಿದ್ದ ಗಾಹಡವಾಲ ಅರಸರ ಕಾಲದ, ಹನ್ನೆರಡನೆಯ ಶತಮಾನದ ಸುಮಾರಿನ ಗುಡಿಯದು. ಕಾಶಿಯನ್ನು ಸುತ್ತಿಬರುವ ಪಂಚಕ್ರೋಶಿ ಪ್ರದಕ್ಷಿಣೆ ಮಾಡುವವರ ಮೊದಲ ತಂಗುದಾಣವೂ ಅದೇ. ಪ್ರವಾಸದ ಪಟ್ಟಿಗಳಲ್ಲಿ ಅದರ ಹೆಸರು ಇರುವುದಿಲ್ಲ. ಆಟೋದಲ್ಲಿ ಹೋಗಬಹುದು.

ಸಾರನಾಥಕ್ಕೆ ಪೂರ್ತಿ ಅರ್ಧ ದಿನ ಇಡಿರಿ, ಆದರೆ ಅಲ್ಲಿಯ ವಸ್ತುಸಂಗ್ರಹಾಲಯ ಶುಕ್ರವಾರ ಮುಚ್ಚಿರುತ್ತದೆ. ನಗರದಿಂದ ಸುಮಾರು 10 ಕಿಲೋಮೀಟರ್. ನೆಲ ಸಮತಟ್ಟಾಗಿರುವುದರಿಂದ ಅವ್ವನಿಗೂ ಹಗುರ. ನಿಮ್ಮ ವಿದ್ಯಾರ್ಥಿಗಳನ್ನು ಕೊಪ್ಪಳದ ಗವಿಮಠದ ಬಂಡೆಯ ಹತ್ತಿರ ಕರೆದುಕೊಂಡು ಹೋಗಿದ್ದರೆ, ಅದೇ ಅಶೋಕನ ಬ್ರಾಹ್ಮೀ ಅಕ್ಷರಗಳನ್ನು ಅಲ್ಲಿ ಮುರಿದುನಿಂತ ಕಂಬದ ಬುಡದಲ್ಲಿ ಕಾಣುವಿರಿ. ಸಂಘವನ್ನು ಒಡೆಯುವ ಭಿಕ್ಷುವಿಗೆ ಬಿಳಿ ಬಟ್ಟೆ ಉಡಿಸಿ ಹೊರಗಿಡಬೇಕೆಂಬ ಆಜ್ಞೆ ಅದರಲ್ಲಿದೆ. ಆ ಕಂಬದ ನೆತ್ತಿಯ ಮೇಲಿದ್ದ ನಾಲ್ಕು ಸಿಂಹಗಳೇ ನಮ್ಮ ರಾಷ್ಟ್ರಲಾಂಛನಕ್ಕೆ ಮೂಲ. ವಸ್ತುಸಂಗ್ರಹಾಲಯದ ಒಳಗೆ ಕಾಲಿಟ್ಟರೆ ಅವು ಎದುರಿಗೇ ಇವೆ. ಎರಡು ಸಾವಿರದ ಇನ್ನೂರು ವರ್ಷಗಳಾಚೆಯೂ ಆ ಕಲ್ಲಿನ ನುಣುಪು ಬೆಳಕನ್ನು ಹಿಡಿದು ನಿಲ್ಲಿಸುತ್ತದೆ. ಧಮೇಕ ಸ್ತೂಪದ ಕೆಳಭಾಗದ ಹೂಬಳ್ಳಿಯ ಪಟ್ಟಿಕೆಯನ್ನು ಹತ್ತಿರ ನಿಂತು ನೋಡಿರಿ, ಲಕ್ಕುಂಡಿಯ ಕಣ್ಣಿಗೆ ಅದು ಪರಕೀಯವೆನಿಸುವುದಿಲ್ಲ.

ಉತ್ತರ 3 (ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉಳಿಯುವ ಸ್ಥಳದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಇಷ್ಟು ಸೇರಿಸುತ್ತೇನೆ. ನಮ್ಮ ಮನೆಯವರು ಹೋದಾಗಲೆಲ್ಲ ಗೋದೌಲಿಯಾ ಹತ್ತಿರದ ಜಂಗಮವಾಡಿ ಮಠದಲ್ಲಿ ಇಳಿದುಕೊಳ್ಳುತ್ತೇವೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕಾಶೀಪೀಠ ಅದೇ. ನಮ್ಮ ಕಡೆಯವರು ಸದಾ ಇರುವುದರಿಂದ ಕನ್ನಡ ಕಿವಿಗೆ ಬೀಳುತ್ತದೆ, ಹಿಂದಿ ಬಾರದ ಹಿರಿಯರಿಗೆ ಅದೊಂದು ದೊಡ್ಡ ಧೈರ್ಯ. ಮೊಘಲ್ ಬಾದಶಹರು ಮಠಕ್ಕೆ ಕೊಟ್ಟ ಫರ್ಮಾನುಗಳು ಉಳಿದು ಬಂದಿವೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಭಕ್ತರು ಅರ್ಪಿಸಿದ ಶಿವಲಿಂಗಗಳು ಅಂಗಳ, ಗೋಡೆ, ಮೂಲೆಗಳಲ್ಲೆಲ್ಲ ಸಾಲಾಗಿ ಲೆಕ್ಕ ಸಿಗದಷ್ಟು ಇವೆ. ನನ್ನ ಅಜ್ಜಿಯ ಹೆಸರಿನಲ್ಲಿ ನನ್ನ ಮಾವ ಕೊಟ್ಟ ಬೆರಳುದ್ದದ ಲಿಂಗ ಅವುಗಳ ನಡುವೆ ಎಲ್ಲಿದೆಯೋ ಈಗ ಗುರುತಿಸಲಾರೆ, ಆದರೂ ಅಲ್ಲಿ ಕೈಮುಗಿಯುವಾಗ ಅಜ್ಜಿಗೇ ಮುಗಿದಂತಾಗುತ್ತದೆ.

ಹರಿಶ್ಚಂದ್ರ ಘಾಟಿನ ಮಗ್ಗುಲಿಗೆ ಹಿಂದಿನ ಮೈಸೂರು ಸಂಸ್ಥಾನದ್ದಾಗಿದ್ದ ಕರ್ನಾಟಕ ಘಾಟೂ ಇದೆ. ಅವ್ವನಿಗೆ ದೋಣಿಯಿಂದಲೇ ತೋರಿಸಿರಿ.

ಪ್ರಶ್ನೆ ಕೇಳಿದವರು (ಬೆಟಗೇರಿ)

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ದಸರೆಯ ಬದಲು ಫೆಬ್ರವರಿಯಲ್ಲಿ, ಶಿವರಾತ್ರಿಯ ದಿನಗಳನ್ನು ಬಿಟ್ಟು, ಒಂದು ವಾರ ರಜೆ ಹಾಕುತ್ತೇನೆ. ಮೊದಲ ದಿನ ವಿಶ್ರಾಂತಿ ಮತ್ತು ಸಂಜೆ ವಿಶ್ವನಾಥ, ಎರಡನೆಯ ದಿನ ಬೆಳಗ್ಗೆ ದೋಣಿ, ಮೂರನೆಯ ದಿನ ಸಾರನಾಥ, ಕೊನೆಯ ದಿನ ಕರ್ದಮೇಶ್ವರ ಮತ್ತು ಕಾಲಭೈರವನ ಗುಡಿ ಎಂದು ಬರೆದುಕೊಂಡಿದ್ದೇನೆ. ಉಳಿದವುಗಳನ್ನೆಲ್ಲ ಬಿಟ್ಟಿದ್ದೇನೆ.

ಉತ್ತರಗಳನ್ನು ಅವ್ವನಿಗೆ ಓದಿ ಹೇಳಿದೆ. ಶಾಸನದ ವಿಷಯ ಬಂದಾಗ ಆಕೆ ಎದ್ದುಹೋಗಿ ಜಗಲಿಯ ಮೇಲಿನ ತಂಬಿಗೆಯನ್ನು ತಂದು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು. ಆಕೆಯ ಪ್ರಶ್ನೆ ಒಂದೇ: ಹೊಸ ಗಂಗೆಯನ್ನು ತಂದ ಮೇಲೆ ಹಳೆಯದನ್ನು ಏನು ಮಾಡಬೇಕು?

ಉತ್ತರ 3 (ರಾಣೆಬೆನ್ನೂರು)

ನಮ್ಮ ಮನೆಯಲ್ಲಿ ಕಾಶಿಯಿಂದ ಬಂದ ಮೇಲೆ ಗಂಗಾಪೂಜೆ ಮಾಡಿ, ನಂಟರನ್ನು ಕರೆದು ಊಟ ಹಾಕಿ, ಬಂದವರಿಗೆಲ್ಲ ಹೊಸ ನೀರನ್ನೇ ತೀರ್ಥವಾಗಿ ಕೊಟ್ಟೆವು. ಹಳೆಯ ತಂಬಿಗೆಯ ಬೆಸುಗೆಯನ್ನು ನನ್ನ ಅವ್ವ ಒಡೆಯಗೊಡಲಿಲ್ಲ. ಅದು ಅಲ್ಲಿಯೇ, ಹೊಸದರ ಮಗ್ಗುಲಿಗೆ ಇದೆ.